ದಾಯಿಯ ಗುಟುಕು

ಲಕ್ಷ್ಮೇಶ್ವರದಲ್ಲಿ ಹಳೆಯ ಗಾದಿ ಗಂಟುಗಟ್ಟಿದರೆ ಜನ ಅದನ್ನು ಲಾಡಸಾಬ ನದಾಫನ ಅಂಗಡಿಗೆ ಹೊತ್ತುಕೊಂಡು ಬರುತ್ತಾರೆ. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಅವನ ಮನೆತನದ ಕಸುಬು. ಈಗ ಹಿಂಜುವುದಕ್ಕೆ ಮಷಿನ್ ಬಂದಿದೆ, ಹೊಲಿಗೆ ಮಾತ್ರ ಇನ್ನೂ ಕೈಯದೇ. ಐವತ್ತೈದರ ಆಸುಪಾಸಿನ ಮನುಷ್ಯ. ಮಾತು ಕಡಿಮೆ. ಹುಬ್ಬಿನ ಮೇಲೆ ಯಾವಾಗಲೂ ಒಂದೆರಡು ಹತ್ತಿಯ ಎಳೆ ಕೂತಿರುತ್ತವೆ.

ಪಾರಿವಾಳ ಹಾರಿಸುವವರಿಗೆ ಮಾತ್ರ ಅವನ ಅಂಗಡಿಗಿಂತ ಅಂಗಡಿಯ ಮಾಳಿಗೆ ಮುಖ್ಯವಾಗಿತ್ತು. ಮುಂಜಾನೆ ಬಿಟ್ಟರೆ ಹೊತ್ತು ಮುಳುಗುವವರೆಗೆ ಕೆಳಗಿಳಿಯದ ಹಕ್ಕಿಗಳನ್ನು ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಹತ್ತಾರು ಮಂದಿ ಸಾಕಿದ್ದಾರೆ. ಅಂಥ ಹಕ್ಕಿ ತತ್ತಿಯ ಮೇಲೆ ಕೂತು ಮರಿ ಸಾಕತೊಡಗಿದರೆ ರೆಕ್ಕೆಯ ಕಸುವು ಇಳಿಯುತ್ತದೆ ಎಂದು ಅವರ ನಂಬಿಕೆ. ಅದಕ್ಕೇ ಒಳ್ಳೆಯ ಜೋಡಿ ಇಟ್ಟ ತತ್ತಿಗಳನ್ನು ಎತ್ತಿ, ಹಾರಾಟದಲ್ಲಿ ಹೆಸರಿಲ್ಲದಿದ್ದರೂ ಸಾಕುವುದರಲ್ಲಿ ಪಳಗಿದ ಬೇರೊಂದು ಜೋಡಿಯ ಕೆಳಗೆ ಇಡುತ್ತಾರೆ.

ಲಾಡಸಾಬನ ಮಾಳಿಗೆಯ ಬೂದಿ ಬಣ್ಣದ ಹೆಣ್ಣು ಅಂಥದ್ದು. ಅದಕ್ಕೆ ಎಲ್ಲರೂ ದಾಯಿ, ಅಂದರೆ ಸಾಕುತಾಯಿ, ಎನ್ನುತ್ತಿದ್ದರು. ತನ್ನ ತತ್ತಿ ತೆಗೆದು ಯಾರ ತತ್ತಿ ಇಟ್ಟರೂ ಅದು ಮುಖ ತಿರುಗಿಸದೆ ಕಾವು ಕೊಡುತ್ತಿತ್ತು. ಒಡೆದು ಬಂದ ಮರಿ ಮೊದಲ ದಿನಗಳಲ್ಲಿ ಕಾಳು ತಿನ್ನಲಾರದು. ದೊಡ್ಡ ಹಕ್ಕಿಯ ಕೊರಳ ಚೀಲದಲ್ಲಿ ಹುಟ್ಟುವ ಮೊಸರಿನಂಥ ಹಾಲೇ ಅದರ ಊಟ. ಮರಿ ತನ್ನ ಕೊಕ್ಕನ್ನು ದಾಯಿಯ ಬಾಯೊಳಗೆ ತೂರಿಸಿ ಆ ಗುಟುಕು ಪಡೆಯುತ್ತಿತ್ತು. ಊರೂರಿನಿಂದ ತತ್ತಿಗಳು ಬರುತ್ತಿದ್ದವು. ನಂಬಿ ಕೊಟ್ಟದ್ದನ್ನು ರೆಕ್ಕೆ ಬಲಿತ ಹಕ್ಕಿ ಮಾಡಿ ವಾಪಸು ಕೊಡುವುದೇ ಲಾಡಸಾಬನ ಮರ್ಯಾದೆ.

ಹೋದ ದಸರೆಯ ಹೊತ್ತಿಗೆ ಆ ಮರ್ಯಾದೆಗೆ ಪೆಟ್ಟು ಬಿತ್ತು. ಮುಂಡರಗಿಯಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಯಂಕಪ್ಪ ಕೊಟ್ಟಿದ್ದ ತತ್ತಿಗಳು ಒಡೆದು, ಮರಿಗಳು ಕೆಲವೇ ದಿನಗಳಲ್ಲಿ ಬಾಯಿ ತೆರೆದು ಉಸಿರಾಡತೊಡಗಿದವು. ಗಂಟಲಲ್ಲಿ ಹಳದಿ ಹೆಪ್ಪು ಕಟ್ಟಿತ್ತು. ಲಾಡಸಾಬ ಗೊತ್ತಿದ್ದ ಔಷಧವನ್ನೆಲ್ಲ ಹಾಕಿದ. ಎರಡೂ ಸತ್ತವು. ದೀಪಾವಳಿ ಕಳೆದ ಮೇಲೆ ಬೆಟಗೇರಿಯ ಫಕ್ರುಸಾಬನ ಮರಿಗಳೂ ಹಾಗೆಯೇ ಹೋದವು. ವಿಚಿತ್ರವೆಂದರೆ ಲಾಡಸಾಬನ ಸ್ವಂತ ಹಕ್ಕಿಗಳ ತತ್ತಿ ಇಟ್ಟಾಗ ಅದೇ ದಾಯಿಯ ಕೆಳಗೆ ಮರಿಗಳು ದುಂಡಗೆ ಬೆಳೆದವು.

ಯಂಕಪ್ಪ ಸುಮ್ಮನಿರುವ ಆಸಾಮಿಯಲ್ಲ. ಪಾರಿವಾಳದವರ ಮೊಬೈಲ್ ಗುಂಪಿನಲ್ಲಿ, ಲಾಡಸಾಬ ತನ್ನ ಮರಿಗೆ ಹಾಲು ಕುಡಿಸಿ ಮಂದಿಯ ಮರಿಯನ್ನು ಉಪವಾಸ ಕೆಡವುತ್ತಾನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ. ಲಾಡಸಾಬ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾಲ್ಕು ಜನರ ಎದುರು, ತನ್ನ ಗೂಡಿನಲ್ಲಿ ಎಳ್ಳಷ್ಟೂ ತಪ್ಪಿಲ್ಲ ಎಂದು ಆಣೆ ಮಾಡಿದ. ಆ ಆಣೆಯನ್ನು ನಂಬಿದವನು ಒಬ್ಬನೇ, ಶಿರಹಟ್ಟಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹುಚ್ಚೀರಪ್ಪ. ಅವನ ಹೆಸರಾಂತ ಜೋಡಿಯಲ್ಲಿ ಗಂಡನ್ನು ಗಿಡುಗ ಒಯ್ದಿತ್ತು. ಆ ವಾರದಲ್ಲೇ ಹೆಣ್ಣು ಕರೆಂಟಿನ ತಂತಿಗೆ ಸಿಕ್ಕಿತು. ಉಳಿದದ್ದು ಅವುಗಳ ಕೊನೆಯ ಎರಡು ತತ್ತಿ. ಹುಚ್ಚೀರಪ್ಪ ಅವನ್ನು ತಾನೇ ತಂದು ದಾಯಿಯ ಕೆಳಗಿಟ್ಟು ಹೋಗಿದ್ದ. ಜನ ಏನೇ ಆಡಿಕೊಳ್ಳಲಿ, ಇವು ಇಲ್ಲೇ ಒಡೆಯಲಿ ಎಂದಿದ್ದ.

ಸುಗ್ಗಿಯ ದಿನಗಳು. ಒಂದು ಮುಂಜಾನೆ ಲಾಡಸಾಬ ಮಾಳಿಗೆ ಹತ್ತಿ ತತ್ತಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದ. ಎರಡರೊಳಗೂ ಮರಿ ಮಿಸುಕಾಡುವುದು ಕೇಳಿಸಿತು. ಒಂದರ ಸಿಪ್ಪೆಯ ಮೇಲೆ ನಕ್ಷತ್ರದಂಥ ಸಣ್ಣ ಬಿರುಕು ಬಿದ್ದಿತ್ತು. ಸಂಜೆಯೊಳಗೆ ಹೊರಬರುತ್ತದೆಂದು ಅವನಿಗೆ ಖುಷಿ.

ಅದೇ ಹೊತ್ತಿಗೆ ನಸ್ರೀನ ಬಂದಳು. ಮುಳಗುಂದದಲ್ಲಿರುವ ಅವನ ತಂಗಿ ಸುಗ್ರಾಬಿಯ ಮಗಳು. ಧಾರವಾಡದಲ್ಲಿ ಇದ್ದು ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹೋದ ಮಳೆಗಾಲದಲ್ಲಿ ಇದೇ ಮಾಳಿಗೆಗೆ ಬಂದು, ಹಕ್ಕಿಗಳ ಗಂಟಲಿಗೆ ಹತ್ತಿ ಸುತ್ತಿದ ಕಡ್ಡಿ ಆಡಿಸಿ, ಸಣ್ಣ ಸಣ್ಣ ನಳಿಕೆಗಳಲ್ಲಿ ಹಾಕಿಕೊಂಡು ಹೋಗಿದ್ದಳು. ಆ ಕೆಲಸ ಮುಗಿಯಿತು, ಪ್ರಬಂಧ ಬರೆದು ಕೊಟ್ಟೆ ಎಂದು ಹೇಳುವುದಕ್ಕೇ ಮೆಟ್ಟಿಲು ಹತ್ತಿ ಬಂದಿದ್ದಳು. ಏನು ಸಿಕ್ಕಿತು ಎಂದು ಮಾಮಾ ಕೇಳಿದ್ದೇ ತಡ, ಕಾಳಿನ ಡಬ್ಬಿಯ ಮೇಲೆ ಕೂತು ಹೇಳತೊಡಗಿದಳು.

ಪಾರಿವಾಳಕ್ಕೆ ಒಂದು ವೈರಸ್ ಇದೆ, ಹರ್ಪಿಸ್ ಜಾತಿಯದು. ಅದರದೊಂದು ಜೀನನ್ನು ಅವಳು ಓದಿದ್ದಳು. ಜೀನ್ ಎಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಉದ್ದ ಸಾಲು. ಮೂರು ಮೂರು ಅಕ್ಷರ ಸೇರಿ ಒಂದು ಗುರುತಾಗುತ್ತದೆ, ಅದಕ್ಕೆ ಕೋಡಾನ್ ಎನ್ನುತ್ತಾರೆ. ಒಂದೊಂದು ಕೋಡಾನ್ ಓದಿದಾಗಲೂ ಜೀವಕೋಶ ಒಂದೊಂದು ಇಟ್ಟಂಗಿ ತಂದು ಜೋಡಿಸುತ್ತದೆ, ಹಾಗೆ ಪ್ರೋಟೀನ್ ಕಟ್ಟುತ್ತದೆ. ಆದರೆ ಒಂದೇ ಇಟ್ಟಂಗಿಯನ್ನು ಕರೆಯುವುದಕ್ಕೆ ಎರಡು, ನಾಲ್ಕು, ಕೆಲವೊಮ್ಮೆ ಆರು ಕೋಡಾನ್‌ಗಳಿರುತ್ತವೆ. ಯಾವುದರಿಂದ ಕರೆದರೂ ಬರುವುದು ಅದೇ ಇಟ್ಟಂಗಿ. ಹಾಗಿದ್ದರೂ ಯಾವ ಜೀವವೂ ಎಲ್ಲವನ್ನೂ ಸಮನಾಗಿ ಬಳಸುವುದಿಲ್ಲ. ಒಂದಕ್ಕೆ ಇದು ರೂಢಿ, ಇನ್ನೊಂದಕ್ಕೆ ಅದು ರೂಢಿ. ಈ ವೈರಸ್ಸಿನ ಆ ಜೀನ್ ಅಂತೂ ಸಿ ಅಥವಾ ಜಿ ಅಕ್ಷರದಿಂದ ಮುಗಿಯುವ ಕೋಡಾನ್‌ಗಳನ್ನೇ ಆರಿಸಿ ಆರಿಸಿ ಬಳಸುತ್ತದೆ. ಪಾರಿವಾಳದ ಮೈಯಲ್ಲೇ ಇದ್ದು, ಪಾರಿವಾಳದ ಕೋಶದಲ್ಲೇ ತನ್ನ ಕೆಲಸ ಮಾಡಿಸಿಕೊಂಡರೂ ತನ್ನ ರೂಢಿ ಬಿಡುವುದಿಲ್ಲ. ಮೊದಲು ಅವಳ ಗುರುಗಳಿಗೆ, ಇವಳು ಓದಿದ ತುಂಡು ಹಕ್ಕಿಯದೇ ಇರಬಹುದು, ತಪ್ಪಿ ಸಿಕ್ಕಿರಬಹುದು ಎಂಬ ಅನುಮಾನವಿತ್ತು. ಬೇರೆ ಪರೀಕ್ಷೆಗಳ ಜೊತೆಗೆ ಈ ಕೋಡಾನ್ ಲೆಕ್ಕವನ್ನೂ ಮುಂದಿಟ್ಟಾಗ ಅನುಮಾನ ಹೋಯಿತು.

ಲಾಡಸಾಬ ದಾಯಿಯ ನೀರಿನ ಕುಡಿಕೆ ತೊಳೆಯುತ್ತಲೇ ಎಲ್ಲ ಕೇಳಿದ.

"ಗಾದಿ ಹೊಲಿಗಿ ಇದ್ದಂಗಾತು," ಎಂದ. "ನಾವು ಮೂಲಿಯಿಂದ ಸುರು ಮಾಡ್ತೀವಿ, ಗದಗಿನವರು ನಡುವಿನಿಂದ. ಮಲಗಾವಗೆ ಎರಡೂ ಒಂದ. ಆದ್ರ ಬಿಚ್ಚಿ ನೋಡಿದ್ರ ಯಾರ ಕೈ ಅಂತ ನಾ ಆಣಿ ಮಾಡಿ ಹೇಳ್ತೀನಿ."

ನಸ್ರೀನ ನಕ್ಕು, ಇದನ್ನು ಮೊದಲೇ ಹೇಳಿದ್ದರೆ ತನ್ನ ಪ್ರಬಂಧ ಅರ್ಧ ತೆಳ್ಳಗಾಗುತ್ತಿತ್ತು ಎಂದಳು. ಅವನೂ ಸಡಿಲಾದ. ಬಿರುಕು ಬಿಟ್ಟ ತತ್ತಿ ತೋರಿಸಿ, ಇವು ಬದುಕಿದರೆ ಯಂಕಪ್ಪನ ಬಾಯಿ ಮುಚ್ಚುತ್ತದೆ ಎನ್ನುತ್ತ, ಸತ್ತ ಮರಿಗಳ ಕಥೆ ಹೇಳಿದ. ಅವಳಿಗೆ ಅದು ಹೊಸ ಸುದ್ದಿ. ಗಂಟಲಿನ ಹಳದಿ ಹೆಪ್ಪಿನ ಮಾತಿಗೆ ಬಂದಾಗ ಅವಳ ನಗು ನಿಂತಿತು.

ಯಾರ ಮರಿ ಸತ್ತವು, ಯಾರವು ಉಳಿದವು ಎಂದು ಎರಡೆರಡು ಸಲ ಕೇಳಿದಳು. ಹೋದ ವರ್ಷ ಹೊರಗಿನ ಹಕ್ಕಿ ಯಾವುದಾದರೂ ಬಂದಿತ್ತೇ ಎಂದು ಕೇಳಿದಳು. ಬಂದಿತ್ತು. ಬೇಸಿಗೆಯಲ್ಲಿ ಯಾರದೋ ಹಕ್ಕಿ ದಾರಿ ತಪ್ಪಿ ಇಲ್ಲಿ ಇಳಿದಿತ್ತು. ಇಳಿದದ್ದು ಹಿಡಿದವನದು ಎನ್ನುವುದು ಪಾರಿವಾಳದವರ ರೂಢಿ. ಲಾಡಸಾಬ ಅದನ್ನು ತನ್ನ ಗೂಡಿಗೇ ಸೇರಿಸಿಕೊಂಡಿದ್ದ.

"ಮಾಮಾ, ಆ ಜೀನ್ ಸಿಕ್ಕಿದ್ದು ದಾಯಿ ಗಂಟಲದಾಗ," ಎಂದಳು ನಸ್ರೀನ.

"ಆಕಿಗೇನ ಆಗೇತಿ? ನೋಡಿಲ್ಲೆ, ಹೆಂಗ ದುಂಡಗ ಕುಂತಾಳ."

"ಆಕಿಗೇನೂ ಆಗೂದಿಲ್ಲ. ಅದಕ್ಕ ಯಾರಿಗೂ ಗೊತ್ತಾಗಿಲ್ಲ."

ಆ ವೈರಸ್ ದೊಡ್ಡ ಹಕ್ಕಿಯ ಮೈಯಲ್ಲಿ ಅಡಗಿ ಕೂರುತ್ತದೆ. ಮರಿ ಸಾಕುವ ದಣಿವಿನಲ್ಲಿ ಎಚ್ಚರಾಗಿ ಗಂಟಲಿಗೆ ಬರುತ್ತದೆ, ಗುಟುಕಿನ ಜೊತೆ ಮರಿಗೆ ಹೋಗುತ್ತದೆ. ಈ ಗೂಡಿನ ಹಕ್ಕಿಗಳು ಅದನ್ನು ಒಮ್ಮೆ ಕಂಡಿರುವುದರಿಂದ ತಮ್ಮ ತತ್ತಿಯ ಹಳದಿಯಲ್ಲೇ ಮರಿಗೆ ರೋಗ ತಡೆಯುವ ಕಾವಲನ್ನೂ ತುಂಬಿ ಕಳಿಸುತ್ತವೆ. ಅದಕ್ಕೇ ಇಲ್ಲಿನ ಮರಿ ಬದುಕುತ್ತವೆ. ರೋಗ ಕಾಣದ ಗೂಡಿನಿಂದ ಬಂದ ತತ್ತಿಗೆ ಆ ಕಾವಲು ಇರುವುದಿಲ್ಲ. ಇಷ್ಟನ್ನು ಅವಳು ತಲೆ ಎತ್ತದೆ ಹೇಳಿದಳು.

ಲಾಡಸಾಬ ಕುಡಿಕೆ ಕೆಳಗಿಟ್ಟ. "ನಿನಗ ಯಾವಾಗಿಂದ ಗೊತ್ತು?"

"ದೀಪಾವಳಿಗಿಂತ ಮೊದಲ ಓದಿದ್ನಿ. ನಾ ಅಕ್ಷರ ನೋಡಿದ್ನಿ ಮಾಮಾ, ಹಕ್ಕಿ ನೋಡಲಿಲ್ಲ."

"ಫಕ್ರುಸಾಬನ ಮರಿ ಸತ್ತಿದ್ದು ದೀಪಾವಳಿ ಆದ ಮ್ಯಾಲ."

ತಿಂಗಳುಗಟ್ಟಲೆ ಆ ಜೀನಿನ ಕೋಡಾನ್‌ಗಳನ್ನು ಎಣಿಸುತ್ತ, ಕೋಳಿಯ ವೈರಸ್ಸಿಗೆ, ಬಾತುಕೋಳಿಯ ವೈರಸ್ಸಿಗೆ ಹೋಲಿಸುತ್ತ ಕೂತಿದ್ದವಳಿಗೆ, ಆ ಅಕ್ಷರಗಳು ಮರಿ ಸಾಕುವ ಬಾಯಿಂದ ಬಂದವು ಎನ್ನುವುದು ಒಮ್ಮೆಯೂ ಹೊಳೆದಿರಲಿಲ್ಲ.

ಲಾಡಸಾಬ ತಪ್ಪಿಸಿಕೊಳ್ಳುವ ಒಂದು ದಾರಿ ಹುಡುಕಿದ. ಗುರುಗಳಿಗೇ ಅನುಮಾನ ಇತ್ತಲ್ಲ, ಅದು ಹಕ್ಕಿಯದೇ ಯಾಕಿರಬಾರದು ಎಂದ. ಆದರೆ ಮಾತು ಮುಗಿಯುವ ಮೊದಲೇ ಅವನ ದನಿ ಕುಸಿಯಿತು. ಹೊಲಿಗೆ ಕಂಡರೆ ಕೈ ಯಾರದೆಂದು ಆಣೆ ಮಾಡುತ್ತೇನೆ ಎಂದವನು ತಾನೇ.

"ಆ ಮರಿ ಇದರಿಂದನ ಸತ್ತಾವಂತ ನನಗ ಬರದು ಕೊಡಾಕ ಬರೂದಿಲ್ಲ. ಸತ್ತಾವನ್ನ ನಾ ನೋಡಿಲ್ಲ," ಎಂದಳು ನಸ್ರೀನ. "ಆದ್ರ ತತ್ತಿ ಒಳಗ ಇದು ಹೋಗೂದಿಲ್ಲ ಅಂತ ಓದೀನಿ. ಈಗ ಎತ್ತಿದ್ರ ಅವು ಚೊಕ್ಕ ಅದಾವ. ಒಡದು ಬಂದು ಆಕಿ ಒಂದು ಗುಟುಕ ಕೊಟ್ರ, ಆಮ್ಯಾಲ ಎಲ್ಲಿ ಒಯ್ದರೂ ಅಲ್ಲಿಗೆ ರೋಗ ಒಯ್ದಂಗ."

ಎಲ್ಲಿಗೆ ಒಯ್ಯುವುದು? ಕೈಯಿಂದ ಸಾಕಲು ಆಗದು, ಆ ಹಾಲು ಮನುಷ್ಯನ ಕೈಲಿ ಹುಟ್ಟುವುದಲ್ಲ. ಬೇರೆ ಜೋಡಿಗೆ ಹಾಲು ಬರುವುದೂ ತನ್ನ ತತ್ತಿ ಒಡೆಯುವ ಹೊತ್ತಿಗೇ. ಇವತ್ತೋ ನಾಳೆಯೋ ತತ್ತಿ ಒಡೆಯಲಿರುವ, ಹೊರಗಿನ ಹಕ್ಕಿಯನ್ನು ಎಂದೂ ಸೇರಿಸದ ಗೂಡು ಬೇಕು. ಅಂಥದ್ದು ಒಂದೇ ಇತ್ತು. ಇಳಿದ ಹಕ್ಕಿಯನ್ನು ಹಿಡಿಯದೆ ಹೊಡೆದೋಡಿಸುತ್ತಾನೆ ಎಂದು ಎಲ್ಲರೂ ನಗುತ್ತಿದ್ದ ಯಂಕಪ್ಪನ ಗೂಡು. ಅವನ ಜೋಡಿ ತತ್ತಿ ಇಟ್ಟ ದಿನದ ಫೋಟೋ ಗುಂಪಿನಲ್ಲಿ ಬಂದಿತ್ತು. ಲಾಡಸಾಬ ಫೋನ್ ಹಚ್ಚಿದ. ಯಂಕಪ್ಪ ಕಟ್ ಮಾಡಿದ. ಮತ್ತೆ ಹಚ್ಚಿದ, ಮತ್ತೆ ಕಟ್.

ಹೆಂಡತಿ ಗುಲಾಬಬಿ ನೀರು ಕಾಸಿದಳು. ನಸ್ರೀನ ಕೈ ತೊಳೆದು, ಸೋಪಿನ ಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತತ್ತಿಯ ಸಿಪ್ಪೆ ಒರೆಸಿದಳು. ಈ ವೈರಸ್ ಸೋಪಿಗೆ ತಾಳುವುದಿಲ್ಲ ಎಂದಳು. ಅಂಗಡಿಯಿಂದ ಹೊಸದಾಗಿ ಹಿಂಜಿದ ಹತ್ತಿ ತರಿಸಿ, ಒಂದು ಚೊಕ್ಕ ಡಬ್ಬಿಯಲ್ಲಿ ಬಿಸಿನೀರಿನ ಬಾಟಲಿಯ ಪಕ್ಕ ತತ್ತಿಗಳನ್ನು ಹುದುಗಿಸಿ, ಡಬ್ಬಿಯನ್ನು ಹೊಟ್ಟೆಗೆ ಅವಚಿ ಬೈಕಿನ ಹಿಂದೆ ಕೂತಳು. ನೆಟ್ಟಗೆ ಮುಂಡರಗಿಗೆ ಹೋಗೋಣ, ಶಿರಹಟ್ಟಿಯವರಿಗೆ ಆಮೇಲೆ ಹೇಳಿದರಾಯಿತು ಎಂಬುದು ಅವಳ ಮಾತು. ಲಾಡಸಾಬ ಒಪ್ಪಲಿಲ್ಲ. ತತ್ತಿ ಹುಚ್ಚೀರಪ್ಪನವು. ಅವನಿಗೆ ಹೇಳದೆ, ಅದೂ ಯಂಕಪ್ಪನ ಮನೆಗೆ ಒಯ್ಯುವುದೆಂದರೆ ಎರಡನೇ ಮೋಸ. ಗಿರಣಿಯ ಸದ್ದಿನಲ್ಲಿ ಹುಚ್ಚೀರಪ್ಪನಿಗೆ ಫೋನ್ ಕೇಳಿಸುವುದಿಲ್ಲ. ದಾರಿಯಲ್ಲೇ ಊರು, ಒಂದು ಮಾತು ಹೇಳಿ ಹೊರಡುವುದು ಎಂದ.

ಗಿರಣಿ ಭರ್ತಿ ಓಡುತ್ತಿತ್ತು. ಜೋಳದ ಡಬ್ಬಿ ಸಾಲಾಗಿಟ್ಟುಕೊಂಡು ಹೆಂಗಸರು ಕೂತಿದ್ದರು. ಹುಚ್ಚೀರಪ್ಪ ಹಿಟ್ಟು ಮೆತ್ತಿದ ರೆಪ್ಪೆಗಳ ನಡುವಿನಿಂದ ನಕ್ಕು, ಕೂರು ಎಂದು ಸನ್ನೆ ಮಾಡಿದ. ಆ ನಗು ಕಂಡು ಲಾಡಸಾಬನ ನಾಲಿಗೆ ಒಳಗೇ ಉಳಿಯಿತು. ಈ ಸದ್ದಿನಲ್ಲಿ ಹೇಳಬೇಕೆಂದರೆ ಕೂಗಬೇಕು. ಕೂಗಿದರೆ ಎಲ್ಲರಿಗೂ ಕೇಳುತ್ತದೆ. ಈ ಡಬ್ಬಿಗಳು ಮುಗಿಯಲಿ ಎಂದು ಕಟ್ಟೆಯ ಮೇಲೆ ಕೂತ. ಮುಗಿಯುವಷ್ಟರಲ್ಲಿ ಇನ್ನೊಬ್ಬಳು ಗೋಧಿ ತಂದಳು. ಅವಳ ಹಿಂದೆ ಮತ್ತೊಬ್ಬಳು. ಅವನು ಕೂತೇ ಇದ್ದ, ಮೊಣಕಾಲ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ.

ನಸ್ರೀನ ಬಾಗಿಲಲ್ಲಿ ಬಂದು ನಿಂತಳು. ತತ್ತಿಯ ಡಬ್ಬಿಯೊಳಗಿನ ಬಾಟಲಿ ಹೊರತೆಗೆದು ತನ್ನ ಕೆನ್ನೆಗೆ ಒತ್ತಿ ತೋರಿಸಿದಳು. ತಣ್ಣಗಾಗಿತ್ತು.

ಲಾಡಸಾಬ ಎದ್ದು ಹೋಗಿ ಹುಚ್ಚೀರಪ್ಪನ ಕಿವಿಯ ಹತ್ತಿರ ಹೇಳಿದ. ಹುಚ್ಚೀರಪ್ಪ ತಲೆ ಅಲ್ಲಾಡಿಸಿದ, ಕೇಳುತ್ತಿಲ್ಲ ಎಂದು. ಲಾಡಸಾಬ ಎದೆಯ ಉಸಿರೆಲ್ಲ ಸೇರಿಸಿ ಕೂಗಿದ. ಅದೇ ಗಳಿಗೆಯಲ್ಲಿ ಹುಚ್ಚೀರಪ್ಪ ಸ್ವಿಚ್ ಆರಿಸಿದ. ಮೋಟಾರಿನ ಬೆಲ್ಟು ಸರಕ್ಕನೆ ನಿಂತಿತು, ಮಾತು ಗಿರಣಿಯ ತುಂಬ ಕೇಳಿಸಿತು.

"ನನ್ನ ದಾಯಿಗೆ ರೋಗ ಐತಿ. ಯಂಕಪ್ಪನ ಮರಿ ಸತ್ತಿದ್ದು ನನ್ನ ಗೂಡಿನಿಂದನ."

ಆಣೆಯ ಸುದ್ದಿ ಶಿರಹಟ್ಟಿಗೂ ಮುಟ್ಟಿತ್ತು. ಗೋಧಿ ತಂದ ಹೆಂಗಸು, ಹಂಗಾರ ಅವತ್ತು ಮಾಡಿದ ಆಣಿ ಎಲ್ಲಿ ಹೋತೋ ಯಣ್ಣಾ ಎಂದು ಪಕ್ಕದವಳನ್ನು ನೋಡಿದಳು. ಲಾಡಸಾಬ ಅವಳ ಕಡೆ ತಿರುಗಲಿಲ್ಲ. ಹುಚ್ಚೀರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹಿಟ್ಟು ಹೋದ ಮೇಲೆ ಆ ಮುಖದಲ್ಲಿ ನಗು ಇರಲಿಲ್ಲ.

"ತತ್ತಿ ಎಲ್ಲಿ ಅದಾವ?"

"ಹೊರಗ. ಈಕಿ ಕಡೆ. ಮುಂಡರಗಿಗೆ, ಯಂಕಪ್ಪನ ಗೂಡಿಗೆ ಒಯ್ಯಬೇಕಂತ."

"ಮತ್ತ ಇಲ್ಲೇನ ಮಾಡಾಕ ಕುಂತಿದ್ದಿ ಇಷ್ಟೊತ್ತು?"

ಹುಚ್ಚೀರಪ್ಪನೇ ಒಲೆಯ ಮೇಲಿದ್ದ ಚಹಾದ ನೀರನ್ನು ಬಾಟಲಿಗೆ ಬಗ್ಗಿಸಿ ನಸ್ರೀನಳ ಕೈಗಿಟ್ಟು, ಹೊರಡಿ ಎಂದ.

ಮುಂದಿನ ದಾರಿ ಕಪ್ಪತಗುಡ್ಡದ ಪಕ್ಕದ್ದು. ಗುಡ್ಡದ ನೆತ್ತಿಯ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ರಸ್ತೆಗೂ ಬೀಸುತ್ತಿತ್ತು. ಜೋರಾಗಿ ಹೋದರೆ ಕುಲುಕು, ಮೆಲ್ಲಗೆ ಹೋದರೆ ತಣುಪು. ಒಕ್ಕಲೆಂದು ರಸ್ತೆಯ ಮೇಲೆ ಹಾಸಿದ ಕಡಲೆ ಗಿಡಗಳ ಮೇಲೆ ಬೈಕು ಜಾರಿದಾಗ ನಸ್ರೀನ ಡಬ್ಬಿ ಬಿಟ್ಟು ಮಾಮಾನನ್ನು ಹಿಡಿಯಲಿಲ್ಲ. ಡಬ್ಬಿಯನ್ನೇ ಹಿಡಿದು ಕೂತಳು.

ಯಂಕಪ್ಪನ ಅಂಗಡಿ ಕೆಳಗೆ, ಗೂಡು ಮೇಲೆ. ಲಾಡಸಾಬ ಬೈಕನ್ನು ರಸ್ತೆಯ ಆಚೆ ಬದಿಗೇ ನಿಲ್ಲಿಸಿದ. ಯಂಕಪ್ಪ ತಾಮ್ರದ ತಂತಿ ಸುತ್ತುತ್ತಲೇ ಅವನನ್ನು ನೋಡಿ ಹಲ್ಲು ಕಿರಿದ.

"ಅಷ್ಟ ದೂರ ಯಾಕ ನಿಂತೀಯೋ ಆಣಿ ಸಾಹೇಬ? ಹೊಡೀತೀನಿ ಅಂತೇನು?"

"ನನ್ನ ಮೈಮ್ಯಾಲಿನ ಧೂಳ ನಿನ್ನ ಗೂಡಿಗೆ ಹೋಗಬಾರದು," ಎಂದ ಲಾಡಸಾಬ. "ನಿನ್ನ ಮರಿ ನಾ ಉಪವಾಸ ಕೆಡವಿಲ್ಲ ಯಂಕಪ್ಪ. ಹೊಟ್ಟಿ ತುಂಬ ರೋಗ ಉಣಿಸೀನಿ. ಇವತ್ತ ಗೊತ್ತಾತು."

ಯಂಕಪ್ಪನ ಕೈಯಲ್ಲಿ ತಂತಿ ನಿಂತಿತು. ಲಾಡಸಾಬ ರಸ್ತೆಯ ಆಚೆಯಿಂದಲೇ ಇದ್ದದ್ದನ್ನೆಲ್ಲ ಹೇಳಿದ. ತತ್ತಿ ಯಾರವು, ಯಾಕೆ ತಂದದ್ದು, ಇನ್ನೂ ಗುಟುಕು ಮುಟ್ಟಿಲ್ಲ ಎನ್ನುವುದು. ಯಂಕಪ್ಪ ನಸ್ರೀನಳನ್ನು ಕರೆದು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದ. ತತ್ತಿಯಿಂದ ತನ್ನ ಗೂಡಿಗೆ ಬರುವುದಿಲ್ಲ ಎಂದು ಖಾತ್ರಿ ಏನು ಎಂದು ಕೇಳಿದ. ಪೂರ್ತಿ ಖಾತ್ರಿ ಕೊಡುವುದಕ್ಕೆ ಆಗುವುದಿಲ್ಲ ಎಂದು ಅವಳು ಇದ್ದಂತೆ ಹೇಳಿದಳು. ಅವನು ಅವಳನ್ನೂ ಡಬ್ಬಿಯನ್ನೂ ನೋಡುತ್ತ ನಿಂತ. ಬೇಡ ಎನ್ನಲು ಅವನಿಗೆ ಎಲ್ಲ ಕಾರಣಗಳೂ ಇದ್ದವು. ಕಡೆಗೆ ಹೆಂಡತಿ ರೋಜಾಳನ್ನು ಕರೆದು, ಈ ಹುಡುಗಿಯ ಕೈಗೆ ಸೋಪು ಹಾಕಿ ನೀರು ಬಿಡು, ಹೊದೆಯಲು ಬೇರೆ ಬಟ್ಟೆ ಕೊಡು ಎಂದ. ಆಮೇಲೆ ಯಂಕಪ್ಪನೂ ನಸ್ರೀನಳೂ ಮೇಲೆ ಹೋದರು.

ಲಾಡಸಾಬ ಬಿಸಿಲಲ್ಲಿ ನಿಂತ. ಮೇಲಿನಿಂದ ಹಕ್ಕಿಗಳ ಗುಟುರು ಬಿಟ್ಟರೆ ಏನೂ ಕೇಳಿಸಲಿಲ್ಲ. ಟ್ರ್ಯಾಕ್ಟರ್ ಒಂದು ಅಡ್ಡ ಬಂದು ಬಾಗಿಲನ್ನು ಮರೆಮಾಡಿದಾಗ ಅವನಿಗೆ ಅದನ್ನು ಕೈಯಿಂದ ನೂಕಿಬಿಡಬೇಕು ಎನಿಸಿತು.

ಯಂಕಪ್ಪ ಒಬ್ಬನೇ ಕೆಳಗಿಳಿದು ಅರ್ಧ ರಸ್ತೆಯವರೆಗೆ ಬಂದ.

"ಬಿರುಕ ಬಿಟ್ಟಿದ್ದು ಒಳಗಿಂದ ಕುಕ್ಕಾಕ ಹತ್ತೇತಿ. ನನ್ನ ಹಕ್ಕಿ ಕೆಳಗಿಟ್ಟು ಬಂದೀನಿ. ಇನ್ನೊಂದು ಸುಮ್ಮನಾಗೇತಿ."

"ಸುಮ್ಮನ ಅಂದ್ರ?"

"ಬೆಳಕಿಗೆ ಹಿಡದು ನೋಡಿದ್ನಿ. ಹೋಗೇತಿ. ಯಾವಾಗ ಹೋತಂತ ಯಾರ ಹೇಳ್ತಾರ."

"ಮುಂಜಾನಿ ಕಿವಿಗೆ ಹಿಡದಿದ್ನಿ. ಆಡತಿತ್ತು," ಎಂದ ಲಾಡಸಾಬ. ಗಿರಣಿಯ ಕಟ್ಟೆಯ ಮೇಲೆ ತಾನು ಕೂತ ಹೊತ್ತು ಅವನ ಕಣ್ಣ ಮುಂದೆ ಬಂತು.

ಆಗ ಯಂಕಪ್ಪನ ಅಂಗಿಯ ಕಿಸೆಯಲ್ಲಿ ದುಂಡಗೆ ಉಬ್ಬಿದ್ದು ಲಾಡಸಾಬನಿಗೆ ಕಾಣಿಸಿತು. ಆ ಜೋಡಿಗೆ ಎರಡೇ ಬಾಯಿ ತುಂಬಿಸಲು ಸಾಧ್ಯ. ಹುಚ್ಚೀರಪ್ಪನ ತತ್ತಿಗೆ ಜಾಗ ಮಾಡಲು ಯಂಕಪ್ಪ ತನ್ನದೊಂದನ್ನು ಎತ್ತಿಬಿಟ್ಟಿದ್ದ. ಲಾಡಸಾಬ ಅದನ್ನೇ ನೋಡುತ್ತಿರುವುದು ಕಂಡು ಯಂಕಪ್ಪ ಕಿಸೆಯ ಮೇಲೆ ಕೈ ಇಟ್ಟುಕೊಂಡ.

"ದಾಯಿನ ಏನ ಮಾಡ್ತಿ?"

"ಇಟಗೋತೀನಿ. ಗೂಡಿಗೆ ಜಾಳಗಿ ಹೊಚ್ಚತೀನಿ. ಒಳಗಿಂದು ಹೊರಗ ಹೋಗೂದಿಲ್ಲ, ಹೊರಗಿಂದು ಒಳಗ ಬರೂದಿಲ್ಲ."

"ಹಾರಸೂದು?"

"ಹಾರಿದ್ದು ಯಾರ ಮಾಳಿಗಿ ಮ್ಯಾಲ ಇಳಿತೈತಿ ಅಂತ ನನಗೇನ ಗೊತ್ತು? ಇಲ್ಲ. ಆತು ಅದು."

ಯಂಕಪ್ಪ ತಲೆ ತಗ್ಗಿಸಿದ. ಚಹಾ ಕುಡಿದು ಹೋಗು, ಆದರೆ ಅಲ್ಲೇ ನಿಂತು ಕುಡಿ ಎಂದ.

ಸಂಜೆ ಆ ತತ್ತಿ ಒಡೆಯಿತು. ಮರಿ ಬದುಕಿ, ರೆಕ್ಕೆ ಬಂದ ಮೇಲೆ ಹುಚ್ಚೀರಪ್ಪ ಅದನ್ನು ಮುಂಡರಗಿಯಿಂದಲೇ ಒಯ್ದ. ಲಾಡಸಾಬನೊಂದಿಗೆ ಅವನ ಮಾತು ನಿಂತಿಲ್ಲ, ಆದರೆ ಮೊದಲಿನಷ್ಟು ಇಲ್ಲ.

ಲಾಡಸಾಬ ಆ ವಾರವೇ ಮಾಳಿಗೆಯ ಮೇಲೆ ತಂತಿಯ ಜಾಳಿಗೆ ಹೊಚ್ಚಿದ. ಸುದ್ದಿ ಗೊತ್ತಿಲ್ಲದ ದೂರದವರು ಇನ್ನೂ ಒಮ್ಮೊಮ್ಮೆ ತತ್ತಿ ತರುತ್ತಾರೆ. ಅವರಿಗೆ ಕಾರಣವನ್ನು ಅಂಗಡಿಯ ಬಾಗಿಲಲ್ಲೇ, ಗಿರಾಕಿಗಳಿದ್ದರೂ ದನಿ ತಗ್ಗಿಸದೆ ಹೇಳಿ ಕಳಿಸುತ್ತಾನೆ. ಹೋದ ತಿಂಗಳು ದಾಯಿ ಮತ್ತೆ ತತ್ತಿ ಇಟ್ಟಿತು. ಈ ಸಲ ಯಾರೂ ಅವನ್ನು ಎತ್ತಲಿಲ್ಲ. ಅದರ ಸ್ವಂತ ಮರಿಗಳು ಈಗ ಗೂಡಿನಲ್ಲಿವೆ. ಕಾವಲು ತತ್ತಿಯಲ್ಲೇ ಬಂದಿರುತ್ತದೆ, ಏನೂ ಆಗಲಾರದು ಎಂದು ನಸ್ರೀನ ಹೇಳಿದ್ದಾಳೆ. ಆದರೂ ಲಾಡಸಾಬ ದಿನಾ ಮುಂಜಾನೆ ಒಂದೊಂದನ್ನೇ ಅಂಗೈ ಮೇಲೆ ಕೂರಿಸಿ, ಬೆರಳ ತುದಿಯಿಂದ ಕೊಕ್ಕು ಬಿಡಿಸಿ, ಬಿಸಿಲಿಗೆ ತಿರುಗಿಸಿ, ಹಳದಿ ಕಾಣುತ್ತದೆಯೇ ಎಂದು ಗಂಟಲು ನೋಡುತ್ತಾನೆ. ಇವತ್ತಿನವರೆಗೆ ಕೆಂಪಗಿದೆ.